ಮಲೆನಾಡ ಕಾದಂಬರಿಯಲ್ಲಿ ಎರಡನೆಯ ಪ್ರೀತಿ

ಕೈತಪ್ಪಿದ ಪ್ರೀತಿ ವರ್ಷಗಳ ಮೇಲೆ ಮತ್ತೆ ಎದುರಾಗುವ ಕಥೆ ಗತಕಾಲದ ಪ್ರಣಯ ಕಾದಂಬರಿಗಳಲ್ಲಿ ಓದುಗರಿಗೆ ಬಲು ಅಚ್ಚುಮೆಚ್ಚು. ಇಂಗ್ಲಿಷಿನಲ್ಲಿ ಇದಕ್ಕೆ ಮೇಲ್ಪಂಕ್ತಿ ಹಾಕಿದ್ದು ಜೇನ್ ಆಸ್ಟಿನ್ ತೀರಿಕೊಂಡ ಮೇಲೆ, 1817ರ ಕೊನೆಯಲ್ಲಿ ಹೊರಬಂದ ಆಕೆಯ ‘ಪರ್ಸುವೇಷನ್’. ಹಿರಿಯರ ಮಾತಿಗೆ ಕಟ್ಟುಬಿದ್ದು ನೌಕಾಧಿಕಾರಿಯನ್ನು ಬೇಡವೆಂದ ಆನ್ ಎಲಿಯಟ್‌ಗೆ ಎಂಟು ವರ್ಷ ಕಳೆದ ಮೇಲೆ ಅವನೇ ಮತ್ತೆ ದಕ್ಕುತ್ತಾನೆ. ಅಲ್ಲಿ ಅಡ್ಡ ನಿಂತದ್ದು ಅಂತಸ್ತು ಮತ್ತು ಅಭಿಮಾನ. ಅವೆರಡನ್ನೂ ಕಾಲವೇ ಕರಗಿಸುತ್ತದೆ.

ಕನ್ನಡ ಕಾದಂಬರಿ ಎದುರಿಸಿದ ಅಡ್ಡಿ ಇಷ್ಟು ಮೆದುವಲ್ಲ. ಎಳೆಯ ವಯಸ್ಸಿನ ಮದುವೆ, ವೈಧವ್ಯ, ಸಾಲದ ಜೀತ ತಾವಾಗಿ ಕರಗುವಂಥವಲ್ಲ. 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬಾಲವಿಧವೆಗೆ ಮರುಮದುವೆ ಮಾಡಿಸಿ ದಾರಿ ತೆರೆಯಿತು. ಅದರಲ್ಲಿ ಪ್ರಣಯಕ್ಕಿಂತ ಸುಧಾರಣೆಯ ದನಿ ಜೋರು, ನಿಜ. ಆದರೆ ವಿಧವೆಗೂ ಮುಂದಿನ ಬಾಳು ಉಂಟೆಂದು ಆ ಕಾಲದಲ್ಲಿ ಬರೆಯಲು ಎದೆಗಾರಿಕೆ ಬೇಕಿತ್ತು.

ಅರಮನೆಯ ಕಾದಂಬರಿಗಳು ಈ ವಸ್ತುವಿಗೆ ಹೆಚ್ಚು ನೆರವಾಗಲಿಲ್ಲ. ಹೊಯ್ಸಳರ ಮೂಲನೆಲೆಯಾದ ಸೊಸೆವೂರು, ಅಂದರೆ ಇಂದಿನ ಅಂಗಡಿ, ಮಲೆನಾಡಿನ ಮೂಡಿಗೆರೆ ತಾಲ್ಲೂಕಿನಲ್ಲೇ ಇದೆ. ಆ ಮನೆತನದ ರಾಣಿ ಶಾಂತಲೆಯ ಮೇಲೆ ಕೆ.ವಿ. ಅಯ್ಯರ್, ಸಿ.ಕೆ. ನಾಗರಾಜರಾವ್ ಇಬ್ಬರೂ ದೊಡ್ಡ ಕಾದಂಬರಿ ಬರೆದರು. ಆದರೆ 1131ರಲ್ಲಿ ಶಿವಗಂಗೆಯಲ್ಲಿ ರಾಣಿ ತೀರಿಕೊಂಡದ್ದನ್ನು ಶಾಸನವೇ ಹೇಳಿಬಿಟ್ಟಿರುವಾಗ ಅವಳಿಗೆ ಇನ್ನೊಂದು ಬಾಳು ಕೊಡುವ ಸ್ವಾತಂತ್ರ್ಯ ಕಥೆಗಾರನಿಗೆ ಉಳಿಯುವುದಿಲ್ಲ.

ಶಾಸನ ಮುಟ್ಟದ ಜನರನ್ನು ಹಿಡಿದಾಗಲೇ ಈ ವಸ್ತು ಜೀವಂತವಾಯಿತು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು 1967ರಲ್ಲಿ ಪ್ರಕಟಿಸಿದ ‘ಮಲೆಗಳಲ್ಲಿ ಮದುಮಗಳು’ ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡಿನ ಕಥೆ. ಹೂವಳ್ಳಿ ಚಿನ್ನಮ್ಮ ಮತ್ತು ಕೋಣೂರಿನ ಮುಕುಂದಯ್ಯ ಬಾಲ್ಯದ ಒಡನಾಡಿಗಳು. ಹಿರಿಯರು ಅವಳನ್ನು ವಯಸ್ಸಾದ ಹೆಗ್ಗಡೆಗೆ ಗೊತ್ತುಮಾಡುತ್ತಾರೆ. ಚಿನ್ನಮ್ಮ ಸುಮ್ಮನೆ ಕಾಯುವುದಿಲ್ಲ. ಮದುವೆಯ ಮನೆಯನ್ನೇ ಬಿಟ್ಟು ರಾತ್ರಿ ಕಾಡಿನ ದಾರಿ ಹಿಡಿಯುತ್ತಾಳೆ. ಅವಳಿಗೆ ನೆರವಾಗುವವರು ಐತ, ಪೀಂಚಲು. ಅವರು ಸೇರೆಗಾರನ, ಅಂದರೆ ಕೂಲಿ ಮೇಸ್ತ್ರಿಯ, ಕೈಕೆಳಗೆ ಘಟ್ಟದ ಕೆಳಗಿನಿಂದ ಬಂದ ಆಳುಗಳು. ಗೌಡರ ಮನೆಯ ಹೆಣ್ಣಿನ ಪ್ರೀತಿಯನ್ನು ಕೂಲಿಯ ಜೋಡಿ ಕಾಪಾಡುವ ಈ ಭಾಗಕ್ಕೆ ಸಮನಾದದ್ದು ಕನ್ನಡದ ಪ್ರಣಯ ಬರಹದಲ್ಲಿ ವಿರಳ.

ಅದೇ ಕಾದಂಬರಿಯ ವಿಧವೆ ನಾಗಕ್ಕನ ಕಥೆ ಇನ್ನೂ ಗಹನ. ಮಲೆನಾಡಿನ ಹಲವು ಸಮುದಾಯಗಳಲ್ಲಿ ವಿಧವೆಗೆ ‘ಕೂಡಿಕೆ’ಯ ದಾರಿ ಇತ್ತು. ಮೊದಲ ಮದುವೆಯ ಧಾರೆ, ಸಡಗರ ಅದಕ್ಕಿಲ್ಲ. ಸರಳವಾಗಿ ನಡೆಯುವ ಸಂಬಂಧ. ಸಂಪ್ರದಾಯವೇ ಒಪ್ಪಿದ ಮರುಬಾಳು ಇದು. ಆದರೆ ನಾಗಕ್ಕನ ಪಾಲಿಗೆ ಕೂಡಿಕೆ ಬಂದದ್ದು ಅತ್ತೆಯ ಒಳಸಂಚಿನಿಂದ, ಅವಳ ಮನಸ್ಸಿಗೆ ವಿರುದ್ಧವಾಗಿ, ಚಿನ್ನಮ್ಮನ ತಂದೆ ವೆಂಕಪ್ಪ ನಾಯಕನೊಡನೆ. ಪದ್ಧತಿ ಅವಕಾಶ ಕೊಟ್ಟರೂ ಆಯ್ಕೆ ಹೆಣ್ಣಿನದಾಗದಿದ್ದರೆ ಅದು ಮತ್ತೊಂದು ಸೆರೆಯೆಂಬುದನ್ನು ಕುವೆಂಪು ಉಪದೇಶವಿಲ್ಲದೆ ತೋರಿಸುತ್ತಾರೆ. ಒಂದೇ ಮನೆಯಲ್ಲಿ ಒಬ್ಬಳು ಒಲ್ಲದ ಮದುವೆಯಿಂದ ತಪ್ಪಿಸಿಕೊಳ್ಳುತ್ತಾಳೆ, ಇನ್ನೊಬ್ಬಳು ಒಲ್ಲದ ಕೂಡಿಕೆಗೆ ಸಿಕ್ಕಿಬೀಳುತ್ತಾಳೆ.

ಅದೇ ಮಲೆಯ ಬ್ರಾಹ್ಮಣ ಮನೆಗಳಲ್ಲಿ ಕೂಡಿಕೆಯ ದಾರಿಯೂ ಇರಲಿಲ್ಲ. ತೀರ್ಥಹಳ್ಳಿ ಸೀಮೆಯ ಎಂ.ಕೆ. ಇಂದಿರಾ 1976ರಲ್ಲಿ ಬರೆದ ‘ಫಣಿಯಮ್ಮ’ದ ಹುಡುಗಿ, ಗಂಡ ಹಾವು ಕಚ್ಚಿ ಸತ್ತಾಗ ಇನ್ನೂ ಮಗು. ತಲೆ ಬೋಳಿಸಿಕೊಂಡು, ಒಪ್ಪೊತ್ತು ಉಂಡು, ಮನೆಮಂದಿಯ ಬಾಣಂತನ ಮಾಡಿಸುತ್ತಲೇ ಅವಳ ದೀರ್ಘ ಆಯುಸ್ಸು ಕಳೆಯುತ್ತದೆ. ಪ್ರಣಯ ಕಾದಂಬರಿಯ ಪಕ್ಕದಲ್ಲೇ ಇಟ್ಟು ಓದಬೇಕಾದ ಪುಸ್ತಕವಿದು, ಏಕೆಂದರೆ ಎರಡನೆಯ ಅವಕಾಶವೇ ಇಲ್ಲದವರ ಲೆಕ್ಕ ಇದರಲ್ಲಿದೆ. ಮುಂದಿನ ತಲೆಮಾರಿನ ವಿಧವೆ ದಾಕ್ಷಾಯಿಣಿ ಕೂದಲು ತೆಗೆಸಲು ಒಪ್ಪದೆ ತಿರುಗಿಬಿದ್ದಾಗ, ಮಡಿಯಲ್ಲೇ ಮುದುಕಿಯಾದ ಫಣಿಯಮ್ಮ ಅವಳ ಪರವಾಗಿ ನಿಲ್ಲುತ್ತಾಳೆ.