ತೆರೆಯ ಮೇಲಿನ ಹಿಟ್ಟಿನ ಕೋಳಿ

ತುಮಕೂರಿನ ಅಂಚಿನ ಅಂತರಸನಹಳ್ಳಿಯಂಥ ಕಡೆಯೂ ಕೊರಿಯಾದ ಧಾರಾವಾಹಿಗಳು ಇಂದು ಅಂಗೈಯಲ್ಲಿಯೇ ದೊರೆಯುತ್ತವೆ. ಅವುಗಳಲ್ಲೊಂದಾದ ‘ದ ಗ್ಲೋರಿ’ 16 ಕಂತುಗಳದು. 2022ರ ಡಿಸೆಂಬರ್ ಹಾಗೂ 2023ರ ಮಾರ್ಚ್‌ನಲ್ಲಿ ಎರಡು ಭಾಗಗಳಾಗಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದಿತು. ಮೂನ್ ದೋಂಗ್-ಉನ್ ಎಂಬ ಶಾಲಾ ಬಾಲಕಿಯ ಮೈಯನ್ನು ಸಹಪಾಠಿಗಳು ಕೂದಲು ಸುರುಳಿ ಮಾಡುವ ಕಾದ ಸಾಧನದಿಂದ ಸುಡುತ್ತಾರೆ. ಶಿಕ್ಷಕನೇ ಅವಳನ್ನು ಹೊಡೆಯುತ್ತಾನೆ. ತಾಯಿ ಹಣ ಪಡೆದು ಸುಮ್ಮನಾಗುತ್ತಾಳೆ. ಆತ್ಮಹತ್ಯೆಯ ಯೋಚನೆ, ಹೆಂಡತಿಯನ್ನು ಬಡಿಯುವ ಗಂಡ ಇವೂ ಬರುತ್ತವೆ. ಮಕ್ಕಳಿರುವ ಮನೆಯವರು ಇದನ್ನು ಮೊದಲೇ ಅರಿತಿರುವುದು ಲೇಸು.

ಆದರೆ ಸುಟ್ಟ ಗಾಯದ ದೃಶ್ಯವೇ ಕೃತಿಯ ದೋಷವೆನ್ನಲಾಗದು. 2006ರಲ್ಲಿ ಕೊರಿಯಾದ ಚೋಂಗ್ಜು ನಗರದ ವಿದ್ಯಾರ್ಥಿನಿಯೊಬ್ಬಳು ಇಂಥದೇ ಕ್ರೌರ್ಯಕ್ಕೆ ಗುರಿಯಾದದ್ದುಂಟು. ಅದನ್ನು ಮುಚ್ಚಿಡುವುದು ಅಹಿಂಸೆಯಲ್ಲ. ಆ ಭಾಗ ಅನುಕಂಪವನ್ನೇ ಹುಟ್ಟಿಸುತ್ತದೆ. ಪೀಡಕರು ಒಬ್ಬೊಬ್ಬರಾಗಿ ನಾಶವಾಗುವಾಗ ನೋಡುಗನು ಒಳಗೊಳಗೇ ಹಿಗ್ಗುತ್ತಾನಲ್ಲ, ವಿಚಾರಾರ್ಹವಾದುದು ಅದು. ಕೃತ, ಕಾರಿತ, ಅನುಮೋದಿತಗಳಲ್ಲಿ ಇದು ಮೂರನೆಯದು. 2021ರ ಕೇಂದ್ರ ನಿಯಮಗಳಂತೆ ವಯೋಮಿತಿಯ, ಹಿಂಸೆಯ ಸೂಚನೆ ತೆರೆಯ ಮೇಲೆ ಮೂಡಬೇಕು. ಈ ಹಿಗ್ಗಿಗೆ ಯಾವ ಸೂಚನೆಯೂ ಇಲ್ಲ.

ಜನ್ನನ ‘ಯಶೋಧರ ಚರಿತೆ’ಯೂ (1209) ಸೌಮ್ಯ ಕಾವ್ಯವೇನಲ್ಲ. ವ್ಯಭಿಚಾರ, ವಿಷಪ್ರಯೋಗ, ಬಲಿ ಎಲ್ಲವೂ ಅದರಲ್ಲಿವೆ. ಯಶೋಧರನು ಕಡಿದದ್ದು ಬರಿಯ ಹಿಟ್ಟಿನ ಕೋಳಿಯನ್ನು; ಆದರೂ ಆ ಸಂಕಲ್ಪಹಿಂಸೆ ಭವಭವಗಳಲ್ಲಿ ಅವನನ್ನು ಬೆನ್ನಟ್ಟಿತು. ಆ ವೃತ್ತಾಂತವನ್ನು ಕೇಳಿದ ಮಾರಿದತ್ತ ಬಲಿಯನ್ನೇ ಕೈಬಿಟ್ಟನು. ದೋಂಗ್-ಉನ್‌ಳಿಗಾದರೋ ಅಂಥ ನಿಲುಗಡೆಯಿಲ್ಲ. ತನ್ನ ಸೇಡು ತೀರಿದ ಮೇಲೆ, ಕೊನೆಯ ಕಂತಿನಲ್ಲಿ, ಪ್ರಿಯಕರನ ತಂದೆಯನ್ನು ಕೊಂದವನಿರುವ ಸೆರೆಮನೆಯತ್ತ ಅವಳು ಅವನೊಡನೆ ಹೊರಡುತ್ತಾಳೆ.