ಒಪ್ಪಿಗೆ ಕೇಳದ ವಿಜ್ಞಾನ

ಗರ್ಭನಿರೋಧಕಗಳ ವಿಷಯ ಬಂದಾಗ ಧರ್ಮಸಭೆಯ ಬೋಧನೆಯನ್ನು ನಾವು ನೆನಪಿಸಿಕೊಳ್ಳುತ್ತೇವೆ. ಅಲ್ಲಿಗೆ ಮಾತು ಮುಗಿಯುತ್ತದೆ. ಆ ಔಷಧಿಗಳನ್ನು ಮೊದಲು ಯಾರ ದೇಹದ ಮೇಲೆ ಪರೀಕ್ಷಿಸಲಾಯಿತು ಎಂಬ ಪ್ರಶ್ನೆಯನ್ನು ಎತ್ತುವವರು ಕಡಿಮೆ.

1956ರಲ್ಲಿ ಅಮೆರಿಕದ ಗ್ರೆಗರಿ ಪಿಂಕಸ್ ಮತ್ತು ಜಾನ್ ರಾಕ್ ಗರ್ಭನಿರೋಧಕ ಮಾತ್ರೆಯ ಮೊದಲ ದೊಡ್ಡ ಪ್ರಯೋಗವನ್ನು ಪೋರ್ಟೊ ರಿಕೊ ದ್ವೀಪದ ಬಡ ಸ್ತ್ರೀಯರ ಮೇಲೆ ನಡೆಸಿದರು. ಮಾತ್ರೆಯು ಗರ್ಭವನ್ನು ತಡೆಯುತ್ತದೆ ಎಂದು ಅವರಿಗೆ ಹೇಳಲಾಯಿತು. ಅದು ಇನ್ನೂ ಪರೀಕ್ಷೆಯ ಹಂತದಲ್ಲಿದೆ ಎಂದು ಹೇಳಲಿಲ್ಲ. ಅದರ ಹಾರ್ಮೋನಿನ ಪ್ರಮಾಣ ಇಂದಿನ ಮಾತ್ರೆಗಳಿಗಿಂತ ಹಲವು ಪಟ್ಟು ಹೆಚ್ಚಾಗಿತ್ತು. ಶೇಕಡಾ 17ರಷ್ಟು ಸ್ತ್ರೀಯರಿಗೆ ವಾಕರಿಕೆ, ತಲೆಸುತ್ತು, ತಲೆನೋವು ಕಾಣಿಸಿದೆ ಎಂದು ಅಲ್ಲಿನ ವೈದ್ಯೆ ಎಡ್ರಿಸ್ ರೈಸ್-ರೇ ವರದಿ ಮಾಡಿದಾಗ, ಪಿಂಕಸ್ ಅದನ್ನು ಮನಸ್ಸಿನ ಕಲ್ಪನೆಯೆಂದು ತಳ್ಳಿಹಾಕಿದರು. ಜಾನ್ ರಾಕ್ ನಿತ್ಯವೂ ಬಲಿಪೂಜೆಗೆ ಹೋಗುತ್ತಿದ್ದ ಕಥೋಲಿಕರೆಂಬುದು ನಮ್ಮನ್ನು ಹೆಚ್ಚು ಚಿಂತೆಗೀಡುಮಾಡಬೇಕು.

ನಮ್ಮ ದೇಶವೂ ಇದಕ್ಕೆ ಹೊರತಲ್ಲ. 1985ರಲ್ಲಿ ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ 'ನೆಟ್-ಎನ್' ಎಂಬ ಚುಚ್ಚುಮದ್ದಿನ ಪ್ರಯೋಗಕ್ಕೆ ಬಡ ಹೆಂಗಸರನ್ನು ಸೇರಿಸಲಾಯಿತು. ಇದು ಪ್ರಯೋಗವೆಂಬ ಅರಿವೇ ಅವರಿಗಿಲ್ಲವೆಂದು ಕಂಡುಕೊಂಡ ಮಹಿಳಾ ಸಂಘಟನೆಗಳು 1986ರಲ್ಲಿ ಸುಪ್ರೀಂ ಕೋರ್ಟಿನ ಮೊರೆ ಹೋದವು.

ಪರೀಕ್ಷಿಸದೆ ಔಷಧಿ ಬರುವುದಾದರೂ ಹೇಗೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪರೀಕ್ಷೆ ತಪ್ಪಲ್ಲ, ಮುಚ್ಚಿಟ್ಟು ಪರೀಕ್ಷಿಸುವುದು ತಪ್ಪು. ದೇವದೂತನು ಕನ್ಯಾಮರಿಯಳ ಬಳಿ ಬಂದಾಗ ಆಕೆ ಪ್ರಶ್ನೆ ಕೇಳಿದಳು. ಉತ್ತರ ಪಡೆದ ಮೇಲೆಯೇ ಸಮ್ಮತಿಸಿದಳು. ದೇವರೇ ಒಬ್ಬ ಹಳ್ಳಿಯ ಹೆಣ್ಣಿನ ಒಪ್ಪಿಗೆಗಾಗಿ ಕಾದಿರುವಾಗ, ಅದನ್ನು ಕೇಳದೆ ಮುಂದುವರಿಯುವ ಅಧಿಕಾರ ವಿಜ್ಞಾನಿಗೆ ಎಲ್ಲಿಂದ ಬಂತು? 1968ರ 'ಹ್ಯುಮಾನೆ ವೀತೆ' ವಿಶ್ವಪತ್ರದಲ್ಲಿ ಜಗದ್ಗುರು ಆರನೇ ಪೌಲರು, ಸ್ತ್ರೀಯನ್ನು ಬರಿಯ ಸಾಧನವಾಗಿ ಕಾಣುವ ಹಾಗೂ ಸರಕಾರಗಳು ಇಂತಹ ವಿಧಾನಗಳನ್ನು ಜನರ ಮೇಲೆ ಹೇರುವ ಅಪಾಯದ ಬಗ್ಗೆ ಎಚ್ಚರಿಸಿದ್ದರು.

ಈ ಅಳತೆಗೋಲನ್ನು ನಾವು ಮೆಚ್ಚುವ ವಿಧಾನಕ್ಕೂ ಹಿಡಿಯಬೇಕು. 1952ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಅಂದಿನ ಮೈಸೂರು ರಾಜ್ಯದ ರಾಮನಗರದಲ್ಲಿ ಋತುಚಕ್ರದ ಸುರಕ್ಷಿತ ದಿನಗಳನ್ನು ಗಮನಿಸುವ ಪದ್ಧತಿಯ ಅಧ್ಯಯನ ಆರಂಭವಾಯಿತು. ದಿನಗಳನ್ನು ಗುರುತಿಸಲು ಬಣ್ಣದ ಮಣಿಸರಗಳನ್ನು ಕೊಡಲಾಯಿತು. ನಿರೀಕ್ಷಿಸಿದ ಫಲ ದೊರೆಯಲಿಲ್ಲ. ದೇಹಕ್ಕೆ ಹಾನಿಯಿಲ್ಲದ ಪದ್ಧತಿ ಇದು, ನಿಜ. ಆದರೆ ಮಣಿಸರವನ್ನು ಹೆಂಡತಿಯ ಕೈಗಿತ್ತು ಗಂಡನು ಹೊಣೆಯಿಂದ ಜಾರಿಕೊಂಡರೆ, ಅಲ್ಲಿಯೂ ಅವಳ ಮಾತಿಗೆ ಬೆಲೆಯಿಲ್ಲ. ವಿವಾಹಪೂರ್ವ ಶಿಬಿರಗಳಲ್ಲಿ ನಾವು ಗಂಡಸರಿಗೆ ಇದನ್ನು ಸ್ಪಷ್ಟವಾಗಿ ಹೇಳುತ್ತೇವೆಯೇ?

ಔಷಧಿ ಪ್ರಯೋಗಕ್ಕೆ ಲಿಖಿತ ಒಪ್ಪಿಗೆ ಬೇಕು, ಅದರ ಪ್ರತಿಯನ್ನು ಕೊಡಬೇಕು, ಪ್ರಯೋಗದಿಂದ ಹಾನಿಯಾದರೆ ಪರಿಹಾರ ನೀಡಬೇಕು ಎಂದು 2019ರ ಕೇಂದ್ರ ನಿಯಮಗಳು ವಿಧಿಸುತ್ತವೆ. ಬಂಟ್ವಾಳದಲ್ಲಿ ಬೀಡಿ ಕಟ್ಟುವ ತಾಯಿಗೆ, ಬೆಳ್ತಂಗಡಿಯ ತೋಟದಲ್ಲಿ ದುಡಿಯುವ ಸೋದರಿಗೆ, ಮೂಡುಬಿದಿರೆಯ ಬಾಣಂತಿಗೆ ಈ ಹಕ್ಕು ಗೊತ್ತಿರಬೇಕು. ಪ್ರಯೋಗವಿರಲಿ, ಸಾಮಾನ್ಯ ಚಿಕಿತ್ಸೆಯೇ ಇರಲಿ, ಕಾಗದಕ್ಕೆ ರುಜು ಹಾಕುವ ಮುನ್ನ ಅದನ್ನು ತುಳುವಿನಲ್ಲೋ ಕೊಂಕಣಿಯಲ್ಲೋ ಕನ್ನಡದಲ್ಲೋ ಬಿಡಿಸಿ ಹೇಳಿರೆಂದು ಕೇಳಲು ಅವರು ಅಂಜಬಾರದು. ನಮ್ಮ ಧರ್ಮಕೇಂದ್ರಗಳ ಸ್ತ್ರೀ ಸಂಘಟನೆಗಳು ಒಂದು ಸಭೆಯನ್ನು ಇದಕ್ಕಾಗಿ ಮೀಸಲಿಡಲಿ, ಗಂಡಂದಿರನ್ನೂ ಕರೆಯಲಿ.