ಗಸಗಸೆ ಹೊಲದಿಂದ ಕ್ಯಾಂಟನ್‌ವರೆಗೆ

ಅಮಿತಾವ್ ಘೋಷ್ ಅವರ ಐಬಿಸ್ ಕಾದಂಬರಿತ್ರಯವನ್ನು ನಾನು ಓದಿದ್ದು ಹೆಚ್ಚಾಗಿ ಡೊಂಬಿವಲಿ ಲೋಕಲ್‌ನಲ್ಲಿ. ಮೊದಲ ಸಂಪುಟ ‘ಸೀ ಆಫ್ ಪಾಪೀಸ್’ (2008) ಭಾಷೆಯಿಂದಲೇ ಹೆದರಿಸಿತ್ತು. ಹಡಗಿನಾಳುಗಳ ಲಷ್ಕರಿ ಮಾತು, ಭೋಜಪುರಿ, ಹರಕು ಇಂಗ್ಲಿಷ್ ಎಲ್ಲ ಕಲಸುಮೇಲೋಗರ. ಆದರೆ ಮನೆಯಲ್ಲಿ ಕನ್ನಡ, ಪ್ಲಾಟ್‌ಫಾರ್ಮಿನಲ್ಲಿ ಮರಾಠಿ, ಆಫೀಸಿನಲ್ಲಿ ಇಂಗ್ಲಿಷ್, ಚಹಾದಂಗಡಿಯಲ್ಲಿ ಮುಂಬಯಿ ಹಿಂದಿ ಆಡುವ ನಮ್ಮಂಥವರಿಗೆ ಅದು ಎರಡು ದಿನದಲ್ಲಿ ರೂಢಿಯಾಗುತ್ತದೆ.

ಶಾಲೆಯಲ್ಲಿ ನಾನು ಅಫೀಮು ಯುದ್ಧವನ್ನು ಎರಡು ಅಂಕದ ಪ್ರಶ್ನೆಯಾಗಿ ಓದಿದ್ದೆ. ಘೋಷ್ ಅದನ್ನು ಗಾಜಿಪುರದ ಹತ್ತಿರದ ದೀತಿಯ ಹೊಲದಿಂದ ಆರಂಭಿಸುತ್ತಾರೆ. ಹಬ್ಬಕ್ಕೆ ನಾವು ಪಾಯಸ ಮಾಡುವ ಅದೇ ಗಸಗಸೆಯ ಗಿಡ. ಕಂಪನಿಯ ಮುಂಗಡಕ್ಕೆ ಸಿಕ್ಕ ಊರಿನಲ್ಲಿ ಎಲ್ಲರೂ ಅದನ್ನೇ ಬೆಳೆದು, ಸೂರಿಗೆ ಹೊದಿಸಲು ಗೋಧಿಹುಲ್ಲೂ ಸಿಗುವುದಿಲ್ಲ. ಗಂಡ ಹುಕಮ್ ಸಿಂಗ್ ಗಾಯಗೊಂಡು ಮರಳಿದ ಸಿಪಾಯಿ. ಈಗ ಅಫೀಮು ಕಾರ್ಖಾನೆಯ ಆಳು, ಅಫೀಮಿಗೂ ಆಳು. ಸಾಮ್ರಾಜ್ಯದ ಲೆಕ್ಕವೆಲ್ಲ ಒಂದೇ ಗುಡಿಸಿಲಿನಲ್ಲಿದೆ.

‘ರಿವರ್ ಆಫ್ ಸ್ಮೋಕ್’ (2011) ಮೂರರಲ್ಲಿ ನನಗೆ ಹೆಚ್ಚು ಇಷ್ಟ. 1839ರಲ್ಲಿ ಲಿನ್ ಝೆಕ್ಸು ಇಪ್ಪತ್ತು ಸಾವಿರಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ವಶಪಡಿಸಿಕೊಂಡು ನಾಶಮಾಡಿಸಿದಾಗ ಮುಳುಗುವವನು ಬೊಂಬಾಯಿಯ ಪಾರ್ಸಿ ವ್ಯಾಪಾರಿ ಬಹರಾಮ್ ಮೋದಿ. ಅವನು ಮಾರುವುದು ವಿಷ ಎಂದು ಗೊತ್ತಿದ್ದೂ ಅವನ ಬಗ್ಗೆ ಮರುಗುತ್ತೇವೆ. ಇದು ಆ ಸಂಪುಟದ ಗೆಲುವು. ಜೆ.ಜೆ. ಆಸ್ಪತ್ರೆಯ ಮುಂದೆ ಬಸ್ಸು ನಿಂತಾಗಲೆಲ್ಲ ಈಗ ಅವನ ನೆನಪಾಗುತ್ತದೆ. ಜಮ್‌ಶೇಟ್‌ಜಿ ಜೀಜಿಭಾಯ್ ದಾನಕ್ಕೆ ಬಂದ ಸಂಪತ್ತು ಚೀನಾ ವ್ಯಾಪಾರದ್ದು, ಅದರಲ್ಲಿ ಅಫೀಮೂ ಇತ್ತು. ಆ ಆಸ್ಪತ್ರೆಯಲ್ಲಿ ಬದುಕಿ ಬಂದ ಬಡವರಿಗೆ ಇದನ್ನು ಹೇಗೆ ಹೇಳುವುದು, ನನಗಂತೂ ತಿಳಿಯದು.

ನನ್ನ ತಕರಾರು ‘ಫ್ಲಡ್ ಆಫ್ ಫೈರ್’ (2015) ಕುರಿತು. ಕೊನೆಗೂ ಯುದ್ಧ ಬಂದಾಗ ಕಾದಂಬರಿ ಝಕರಿ ರೀಡ್ ಮತ್ತು ಬರ್ನಮ್ ದೊರೆಸಾನಿಯ ಮಂಚದ ಪ್ರಹಸನಕ್ಕೆ ಪುಟಗಟ್ಟಲೆ ಕೊಡುತ್ತದೆ. ಝಕರಿ ದುರಾಸೆಯ ವ್ಯಾಪಾರಿಯಾಗುವುದು ನಂಬುವಂತಿಲ್ಲ. ಲೇಖಕರಿಗೆ ಬೇಕಿತ್ತು, ಆದ. ಚೀನಾದ ಜನರ ಕಡೆಯಿಂದ ನೋಡಲು ನಮಗೆ ಸಿಗುವ ಕಿಟಕಿ ನೀಲ್‌ನ ದಿನಚರಿಯೊಂದೇ, ಅದೂ ಕಿರಿದು.

1842ರ ನಾನ್‌ಜಿಂಗ್ ಒಪ್ಪಂದದಲ್ಲಿ ಚೀನಾ ಹಾಂಗ್‌ಕಾಂಗನ್ನು ಬಿಟ್ಟುಕೊಟ್ಟಿತು, ಐದು ಬಂದರು ತೆರೆಯಿತು, 2.1 ಕೋಟಿ ಡಾಲರ್ ತೆರಲು ಒಪ್ಪಿತು. ಅದರಲ್ಲಿ 60 ಲಕ್ಷ ನಾಶವಾದ ಅಫೀಮಿನ ಬೆಲೆ. ‘ಮುಕ್ತ ವ್ಯಾಪಾರ’ ಎಂಬ ಮಾತನ್ನು ಆಫೀಸಿನಲ್ಲಿ ದಿನವೂ ಕೇಳುವ ನನಗೆ, ಅದು ಫಿರಂಗಿ ಹಡಗನ್ನೇರಿ ಹೋದ ಈ ಕತೆ ಸುಲಭಕ್ಕೆ ಜೀರ್ಣವಾಗಲಿಲ್ಲ.

ಹಾಗೆಂದು ಮೂರನೆಯ ಸಂಪುಟವನ್ನು ಬಿಟ್ಟುಬಿಡಬೇಡಿ. ದೀತಿಯ ಅಣ್ಣ, ಹವಾಲ್ದಾರ್ ಕೇಸ್ರಿ ಸಿಂಗ್ ಅಲ್ಲಿದ್ದಾನೆ. ಸೋಲು ಖಚಿತವಾದರೂ ತಮ್ಮ ನೆಲಕ್ಕಾಗಿ ನಿಂತ ಚೀನೀ ಸೈನಿಕರನ್ನು ಕಂಡು, ಇಡೀ ಆಯುಷ್ಯ ಪರರ ಸಂಬಳಕ್ಕೆ ಕಾದಾಡಿದ ಅವನು ತನ್ನ ಬಗ್ಗೆಯೇ ಯೋಚಿಸತೊಡಗುತ್ತಾನೆ. ಆ ಅಧ್ಯಾಯಗಳನ್ನಾದರೂ ಹುಡುಕಿ ಓದಿ. ನಾನು ಅವತ್ತು ಇಳಿಯಬೇಕಾದ ಠಾಣೆ ದಾಟಿ ಕಲ್ಯಾಣ್‌ವರೆಗೆ ಹೋಗಿದ್ದೆ.